ಟ್ರಕ್ ನಿಮ್ಮದು, ಲೋಡ್ ಅವರದು: ಅಮೆರಿಕದ ಲೀಸ್-ಪರ್ಚೇಸ್ ಒಪ್ಪಂದದ ಲೆಕ್ಕಾಚಾರ

[ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಮೂಡುತ್ತವೆ]

ಮುಂಗಡ ಹಣ ಬೇಡ. ಕ್ರೆಡಿಟ್ ಸ್ಕೋರ್ ಕೇಳುವುದಿಲ್ಲ. ಇವತ್ತೇ ಸಹಿ ಹಾಕಿ, ಸ್ವಂತ ಟ್ರಕ್ಕಿನ ಮಾಲೀಕರಾಗಿ.

ನಮಸ್ಕಾರ. ಅಮೆರಿಕದ ಟ್ರಕ್ಕಿಂಗ್ ಕಂಪನಿಗಳು ಡ್ರೈವರ್‌ಗಳ ಮುಂದಿಡುವ ಆಸೆ ಇದು. ಇದರ ಹೆಸರು ಲೀಸ್-ಪರ್ಚೇಸ್. ಸಹಿ ಹಾಕುವ ಮೊದಲು ಒಂದು ಹಾಳೆ, ಒಂದು ಪೆನ್ನು ಹಿಡಿದು ಕುಳಿತು ಈ ವಿಡಿಯೋ ನೋಡಿ.

ವ್ಯವಸ್ಥೆ ಹೀಗಿದೆ. ಕಂಪನಿ, ಅಥವಾ ಅದರದೇ ಇನ್ನೊಂದು ಲೀಸಿಂಗ್ ಸಂಸ್ಥೆ, ನಿಮಗೆ ಟ್ರಕ್ ಕೊಡುತ್ತದೆ. ನೀವು ಸಂಬಳದ ಡ್ರೈವರ್ ಅಲ್ಲ, ಸ್ವತಂತ್ರ ಗುತ್ತಿಗೆದಾರ. ಅದೇ ಕಂಪನಿಯ ಲೋಡ್ ಸಾಗಿಸುತ್ತೀರಿ. ವಾರದ ಕೊನೆಗೆ ಬಂದ ಬಾಡಿಗೆಯಲ್ಲಿ ಟ್ರಕ್ಕಿನ ಕಂತು, ಡೀಸೆಲ್, ವಿಮೆ, ರಿಪೇರಿ ನಿಧಿ ಎಲ್ಲ ಕಳೆದು ಉಳಿದದ್ದು ನಿಮ್ಮ ಕೈಗೆ. ಕೆಲವು ಒಪ್ಪಂದಗಳಲ್ಲಿ ಕೊನೆಗೆ ಟ್ರಕ್ ನಿಮ್ಮ ಹೆಸರಿಗಾಗುತ್ತದೆ. ಕೆಲವದರಲ್ಲಿ ಕಂತುಗಳೆಲ್ಲ ಮುಗಿದ ಮೇಲೂ ಒಂದು ದೊಡ್ಡ ಮೊತ್ತ ಬಾಕಿ ಇರುತ್ತದೆ, ಅದಕ್ಕೆ ಬಲೂನ್ ಪೇಮೆಂಟ್ ಎನ್ನುತ್ತಾರೆ. ಇನ್ನು ವಾಕ್-ಅವೇ ಲೀಸ್ ಎಂಬುದಿದೆ: ಬೇಡವೆನಿಸಿದಾಗ ಟ್ರಕ್ ಹಿಂದಿರುಗಿಸಿ ಹೊರಡಬಹುದು, ಆದರೆ ಟ್ರಕ್ ಯಾವತ್ತೂ ನಿಮ್ಮದಾಗುವುದಿಲ್ಲ.

ಲಾಭವೇ ಇಲ್ಲವೆಂದರೆ ತಪ್ಪಾಗುತ್ತದೆ. ಬ್ಯಾಂಕ್ ಸಾಲ ಸಿಗದವರಿಗೆ ಇದೊಂದು ದಾರಿ. ಸ್ವಂತ ಸಾಗಣೆ ಪರವಾನಗಿ ತೆಗೆದುಕೊಂಡು ರಾಜ್ಯದಿಂದ ರಾಜ್ಯಕ್ಕೆ ಸಾಮಾನ್ಯ ಸರಕು ಸಾಗಿಸಲು ಕನಿಷ್ಠ 7,50,000 ಡಾಲರ್ ಹೊಣೆಗಾರಿಕೆ ವಿಮೆ ಬೇಕು. ಹೊಸಬರಿಗೆ ಅದರ ಪ್ರೀಮಿಯಂ ವಿಪರೀತ ದುಬಾರಿ. ಕಂಪನಿಯ ಪರವಾನಗಿಯಡಿ ಓಡಿಸಿದರೆ ಆ ಭಾರ ತಪ್ಪುತ್ತದೆ. ಟ್ರೇಲರ್ ಅವರದು, ಗಿರಾಕಿ ಹುಡುಕುವ ಕೆಲಸ ಅವರದು, ಡೀಸೆಲ್‌ಗೆ ರಿಯಾಯಿತಿಯೂ ಸಿಗಬಹುದು. ಈ ವ್ಯವಹಾರ ತನಗೆ ಒಗ್ಗುತ್ತದೆಯೇ ಎಂದು ನೋಡಬಯಸುವವರಿಗೆ, ವಾರಂಟಿ ಇರುವ ಹೊಸ ಟ್ರಕ್ಕಿನ ವಾಕ್-ಅವೇ ಲೀಸ್ ಕೆಟ್ಟ ಆಯ್ಕೆಯೇನಲ್ಲ.

[ಪರದೆಯ ಮೇಲೆ ಲೆಕ್ಕದ ಪಟ್ಟಿ]

ಈಗ ಹಾಳೆ ತೆಗೆದುಕೊಳ್ಳಿ. ಇವು ಉದಾಹರಣೆಯ ಅಂಕಿಗಳು. ನಿಮ್ಮ ಒಪ್ಪಂದದ ಅಂಕಿ ಹಾಕಿಕೊಂಡು ಮತ್ತೆ ಮಾಡಿ. ಡೀಸೆಲ್ ಖರ್ಚಿಗೆಂದು ಕೊಡುವ ಹೆಚ್ಚುವರಿ ಹಣವೂ ಸೇರಿ ಮೈಲಿಗೆ 1.60 ಡಾಲರ್ ಬಾಡಿಗೆ. ಗ್ಯಾಲನ್‌ಗೆ ಆರೂವರೆ ಮೈಲಿ, ಡೀಸೆಲ್ 4 ಡಾಲರ್. ಅಂದರೆ ಮೈಲಿಗೆ ಸುಮಾರು 62 ಸೆಂಟ್ ಡೀಸೆಲ್‌ಗೇ ಹೋಯಿತು. ರಿಪೇರಿ ನಿಧಿಗೆ 10 ಸೆಂಟ್. ಉಳಿದದ್ದು ಮೈಲಿಗೆ 88 ಸೆಂಟ್.

ಟ್ರಕ್ ಓಡಿದರೂ ನಿಂತರೂ ಕಟ್ಟಲೇಬೇಕಾದದ್ದು ಬೇರೆ: ವಾರಕ್ಕೆ 900 ಡಾಲರ್ ಕಂತು, ವಿಮೆ ಇತ್ಯಾದಿಗೆ 150. ಒಟ್ಟು 1,050. ಭಾಗಿಸಿ ನೋಡಿ, ಸುಮಾರು 1,200 ಮೈಲಿ ಓಡುವವರೆಗೆ ನಿಮ್ಮ ಜೇಬಿಗೆ ಒಂದು ಸೆಂಟೂ ಬರುವುದಿಲ್ಲ. 2,500 ಮೈಲಿ ಸಿಕ್ಕ ವಾರ ಸುಮಾರು 1,150 ಡಾಲರ್ ಉಳಿಯುತ್ತದೆ. 1,300 ಮೈಲಿ ಸಿಕ್ಕ ವಾರ ನೂರು ಡಾಲರ್ ಉಳಿದರೆ ಹೆಚ್ಚು. ಟ್ರಕ್ ಗ್ಯಾರೇಜಿನಲ್ಲಿ ನಿಂತ ವಾರ 1,050 ಡಾಲರ್ ಸಾಲ, ಅದನ್ನು ಕಂಪನಿ ಮುಂದಿನ ವಾರದ ಬಾಡಿಗೆಯಿಂದ ಮುರಿದುಕೊಳ್ಳುತ್ತದೆ.

ಇದು ತೆರಿಗೆಗೆ ಮುಂಚಿನ ಮಾತು. ನೌಕರನಾಗಿದ್ದರೆ ಸೋಶಿಯಲ್ ಸೆಕ್ಯುರಿಟಿ (ಪಿಂಚಣಿ) ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆಯ ಅರ್ಧವನ್ನು ಕಂಪನಿ ಕಟ್ಟುತ್ತದೆ. ಗುತ್ತಿಗೆದಾರನಾದರೆ ಪೂರ್ತಿ 15.3 ಶೇಕಡಾ ನಿಮ್ಮ ತಲೆಗೆ. ಆರೋಗ್ಯ ವಿಮೆಯೂ ನಿಮ್ಮದೇ, ರಜೆಯ ಸಂಬಳದ ಮಾತೇ ಇಲ್ಲ.

ಮೈಲಿ ಕಡಿಮೆಯಾದರೆ ಇನ್ನಷ್ಟು ಹೊತ್ತು ಓಡಿಸೋಣ ಎನ್ನುವಂತೆಯೂ ಇಲ್ಲ. ಹತ್ತು ಗಂಟೆ ವಿಶ್ರಾಂತಿಯ ನಂತರ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಮಾತ್ರ ಚಾಲನೆ, ಅದನ್ನು ಎಲೆಕ್ಟ್ರಾನಿಕ್ ಲಾಗ್ ಯಂತ್ರ ಬರೆದಿಡುತ್ತದೆ. ಗೋದಾಮಿನ ಬಾಗಿಲಲ್ಲಿ ಲೋಡ್‌ಗಾಗಿ ಕಾದ ಹೊತ್ತೂ ಆ 14 ಗಂಟೆಯನ್ನು ತಿನ್ನುತ್ತದೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಕಂತಿನ ಗಾತ್ರವಲ್ಲ. ಸಾಲ ಕೊಟ್ಟವರೂ ಅವರೇ, ಸಾಲ ತೀರಿಸಲು ಬೇಕಾದ ಮೈಲಿ ಹಂಚುವವರೂ ಅವರೇ. ಬ್ಯಾಂಕಿನಿಂದ ಸಾಲ ಮಾಡಿ ಟ್ರಕ್ ಕೊಂಡವನಿಗೆ ಒಂದು ಕಂಪನಿ ಲೋಡ್ ಕೊಡದಿದ್ದರೆ ಇನ್ನೊಂದರ ಬಾಗಿಲು ಇದೆ. ಲೀಸ್ ಡ್ರೈವರ್ ಬೇರೆಡೆ ಹೊರಟರೆ ಹೆಚ್ಚಿನ ಒಪ್ಪಂದಗಳಲ್ಲಿ ಟ್ರಕ್ ಬಿಟ್ಟು ಹೋಗಬೇಕು, ಕಟ್ಟಿದ ಕಂತುಗಳನ್ನು ಮರೆಯಬೇಕು. ಲೋಡ್ ಹಂಚುವ ಡಿಸ್ಪ್ಯಾಚರ್ ಜೊತೆ ಒಂದು ಮಾತು ಹೆಚ್ಚುಕಡಿಮೆಯಾದರೂ ಜುಟ್ಟು ಅವರ ಕೈಯಲ್ಲಿ. ಮೂರು ವರ್ಷ ಕಂತು ಕಟ್ಟಿ, ಕೊನೆಯ ತಿಂಗಳುಗಳಲ್ಲಿ ಮೈಲಿ ಬತ್ತಿಹೋದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಬಿಟ್ಟುಹೋದ ಟ್ರಕ್ಕನ್ನು ಕಂಪನಿ ಇನ್ನೊಬ್ಬರಿಗೆ ಮತ್ತೆ ಲೀಸ್ ಕೊಡಬಹುದು. ನೀವು ಸೋತರೂ ಅವರಿಗೆ ನಷ್ಟವಿಲ್ಲ ಎಂಬ ಒಪ್ಪಂದದಲ್ಲಿ ನಿಮ್ಮ ಗೆಲುವಿನ ಚಿಂತೆ ಅವರಿಗೆ ಏಕಿರಬೇಕು?

[ದೃಶ್ಯ: ಬಂದರು, ಕಂಟೇನರ್‌ಗಳು, ಸಾಲುಗಟ್ಟಿದ ಟ್ರಕ್‌ಗಳು]

ಇದು ಬರೀ ಊಹೆಯಲ್ಲ. 2008ರಲ್ಲಿ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳು ಹೊಗೆ ತಗ್ಗಿಸಲೆಂದು ಹಳೆಯ ಟ್ರಕ್‌ಗಳಿಗೆ ಹಂತಹಂತವಾಗಿ ಬಾಗಿಲು ಮುಚ್ಚತೊಡಗಿದವು. ಹೊಸ ಟ್ರಕ್ ಕೊಳ್ಳುವ ಶಕ್ತಿ ಡ್ರೈವರ್‌ಗಳಿಗಿರಲಿಲ್ಲ. ಕಂಪನಿಗಳು ಕೊಂಡು ಅವರಿಗೆ ಲೀಸ್ ಕೊಟ್ಟವು. ಶುದ್ಧ ಗಾಳಿಯ ಖರ್ಚು ಹೀಗೆ ಡ್ರೈವರ್‌ಗಳ ಹೆಗಲಿಗೆ ಬಿತ್ತು. 2017ರಲ್ಲಿ ಯುಎಸ್‌ಎ ಟುಡೇ ಪತ್ರಿಕೆ ತನಿಖೆ ಮಾಡಿ ಬರೆಯಿತು: ಕೆಲವರು ಇಡೀ ವಾರ ದುಡಿದು, ಕಡಿತಗಳ ನಂತರ ಡಾಲರ್ ಲೆಕ್ಕದಲ್ಲಲ್ಲ, ಸೆಂಟ್ ಲೆಕ್ಕದಲ್ಲಿ ಹಣ ಮನೆಗೆ ಒಯ್ದಿದ್ದರು.

2021ರ ಮೂಲಸೌಕರ್ಯ ಕಾಯ್ದೆಯ ಪ್ರಕಾರ ಫೆಡರಲ್ ಸಾರಿಗೆ ಇಲಾಖೆಯಡಿ ಟ್ರಕ್ ಲೀಸಿಂಗ್ ಕಾರ್ಯಪಡೆ ರಚನೆಯಾಯಿತು. 2025ರ ಜನವರಿಯಲ್ಲಿ ಅದು ಕೊಟ್ಟ ವರದಿ ಇಂಥ ಲೀಸ್-ಪರ್ಚೇಸ್ ಯೋಜನೆಗಳನ್ನೇ ನಿಷೇಧಿಸಿ ಎಂದು ಸಂಸತ್ತಿಗೆ ಶಿಫಾರಸು ಮಾಡಿತು. ತಿದ್ದುಪಡಿಯಿಂದ ಸರಿಹೋಗುತ್ತದೆ ಎನ್ನಲಿಲ್ಲ, ನಿಷೇಧಿಸಿ ಎಂದಿತು. ಶಿಫಾರಸು ಕಾನೂನಲ್ಲ, ಸರಿ. ಆದರೂ ಸಹಿ ಹಾಕುವ ಪೆನ್ನು ಒಂದು ಕ್ಷಣ ನಿಲ್ಲಬೇಕಾದಷ್ಟು ತೂಕ ಅದಕ್ಕಿದೆ.

ಹಾಗೆಂದು ಕಾನೂನು ಪೂರ್ತಿ ಕೈಬಿಟ್ಟಿಲ್ಲ. ಟ್ರುತ್-ಇನ್-ಲೀಸಿಂಗ್ ಎಂಬ ಫೆಡರಲ್ ನಿಯಮಗಳಿವೆ. ಒಪ್ಪಂದ ಲಿಖಿತವಾಗಿರಬೇಕು, ಏನೇನು ಕಡಿತ ಎಂಬುದು ಅದರಲ್ಲೇ ಇರಬೇಕು. ಲೋಡ್ ಇಳಿಸಿದ ದಾಖಲೆ ಕೊಟ್ಟ 15 ದಿನದೊಳಗೆ ಹಣ ಬರಬೇಕು. ಬಾಡಿಗೆಯ ಶೇಕಡಾವಾರು ಲೆಕ್ಕದಲ್ಲಿ ದುಡಿಯುವವರಿಗೆ ಸರಕಿನ ಬಿಲ್ಲಿನ ಪ್ರತಿ ಕೊಡಬೇಕು. ತಮ್ಮಿಂದಲೇ ಸಾಮಾನು ಕೊಳ್ಳಿ ಎಂದು ಕಂಪನಿ ಷರತ್ತು ಹಾಕುವಂತಿಲ್ಲ. ಎಸ್ಕ್ರೋ, ಅಂದರೆ ಠೇವಣಿ, ಎಂದು ಹಿಡಿದಿಟ್ಟ ಹಣಕ್ಕೆ ಬಡ್ಡಿ ಕೊಡಬೇಕು, ಒಪ್ಪಂದ ಮುಗಿದ 45 ದಿನದೊಳಗೆ ಉಳಿಕೆಯನ್ನು ಹಿಂದಿರುಗಿಸಬೇಕು.

2019ರಲ್ಲಿ ನ್ಯೂ ಪ್ರೈಮ್ ಎಂಬ ಟ್ರಕ್ಕಿಂಗ್ ಕಂಪನಿ ಮತ್ತು ಡ್ರೈವರ್ ಒಲಿವೇರಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮುಖ್ಯ ಮಾತು ಹೇಳಿತು. ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ಡ್ರೈವರ್, ಕಾಗದದ ಮೇಲೆ ಗುತ್ತಿಗೆದಾರನೆಂದು ಇದ್ದರೂ, ಫೆಡರಲ್ ಆರ್ಬಿಟ್ರೇಷನ್ ಕಾಯ್ದೆಯ (ವ್ಯಾಜ್ಯವನ್ನು ಕೋರ್ಟಿನ ಬದಲು ಖಾಸಗಿ ಮಧ್ಯಸ್ಥರ ಮುಂದೆ ತೀರಿಸುವ ಕಾನೂನು) ಬಲದಿಂದ ಅವನನ್ನು ನ್ಯಾಯಾಲಯದ ಹೊರಗಿಡಲಾಗದು. ಆ ಕಂಪನಿ ಮುಂದೆ 2.8 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಹಾಗಾದರೆ ಕಂಪನಿಯವರನ್ನು ಏನು ಕೇಳಬೇಕು? ಮೊದಲ ಪ್ರಶ್ನೆ: ಈ ಟ್ರಕ್ ತೆಗೆದುಕೊಂಡು ಬೇರೆ ಕಂಪನಿಗೆ ಓಡಿಸಬಹುದೇ? ಇಲ್ಲ ಎಂದರೆ ಅದು ನಿಮ್ಮ ಟ್ರಕ್ ಆಗುವ ಹಾದಿಯಲ್ಲಿಲ್ಲ ಎಂದೇ ತಿಳಿಯಿರಿ. ಎಲ್ಲ ಕಂತು ಮತ್ತು ಬಲೂನ್ ಸೇರಿಸಿ, ಅದೇ ವರ್ಷದ ಅದೇ ಮಾದರಿಯ ಟ್ರಕ್ಕಿನ ಮಾರುಕಟ್ಟೆ ಬೆಲೆಯ ಪಕ್ಕದಲ್ಲಿಡಿ. ಈಗಾಗಲೇ ಲೀಸ್‌ನಲ್ಲಿರುವ ಡ್ರೈವರ್‌ಗಳ ವಾರದ ಸೆಟಲ್‌ಮೆಂಟ್ ಹಾಳೆ, ಅಂದರೆ ಬಾಡಿಗೆ-ಕಡಿತಗಳ ಲೆಕ್ಕದ ಚೀಟಿ, ನೋಡಲು ಕೇಳಿ, ಒಳ್ಳೆಯ ವಾರದ್ದಲ್ಲ, ಸಾಲಾಗಿ ಮೂರು ತಿಂಗಳದ್ದು. ಲೋಡ್ ಬೇಡವೆಂದರೆ ಏನಾಗುತ್ತದೆ ಎಂಬುದನ್ನು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ತೋರಿಸಲು ಹೇಳಿ. ಕಾಗದ ಮನೆಗೆ ಒಯ್ಯಲು ಬಿಡದಿದ್ದರೆ ಎದ್ದು ಬನ್ನಿ.

ಈಗಾಗಲೇ ಸಹಿ ಹಾಕಿ ಸಿಕ್ಕಿಕೊಂಡಿದ್ದರೆ ಪ್ರತಿ ಸೆಟಲ್‌ಮೆಂಟ್, ಪ್ರತಿ ರಿಪೇರಿ ಬಿಲ್, ಡಿಸ್ಪ್ಯಾಚರ್ ಕಳಿಸಿದ ಪ್ರತಿ ಸಂದೇಶ ಇಟ್ಟುಕೊಳ್ಳಿ. ಟ್ರಕ್ಕಿನ ಟ್ಯಾಬ್ಲೆಟ್‌ನಲ್ಲಿ ಬಿಡಬೇಡಿ, ಟ್ರಕ್ ಹಿಂದಿರುಗಿಸಿದ ದಿನ ಅದೂ ಹೋಗುತ್ತದೆ. ಫೆಡರಲ್ ಮೋಟಾರ್ ಕ್ಯಾರಿಯರ್ ಸುರಕ್ಷತಾ ಆಡಳಿತದ ರಾಷ್ಟ್ರೀಯ ಗ್ರಾಹಕ ದೂರು ಜಾಲತಾಣದಲ್ಲಿ ಡ್ರೈವರ್‌ಗಳೂ ದೂರು ಕೊಡಬಹುದು. ಎಸ್ಕ್ರೋ ಹಣ ಬರದೆ 45 ದಿನ ದಾಟಿತೇ? 46ನೆಯ ದಿನವೇ ಬರೆಯಿರಿ.