ಅಜ್ಜಿಯ ಹಣೆಯ ಕುಂಕುಮ ದುಂಡಗೇ ಇರಲಿ: ಗಿಂಪ್‌ನಲ್ಲಿ ಫೋಟೋದ ಅಳತೆ, ಓರೆ, ಆಕಾರ

ದೃಶ್ಯ: ಚಾವಡಿಯ ಗೋಡೆಯಲ್ಲಿ ಗಾಜು ಹಾಕಿದ ಹಳೆಯ ಕಪ್ಪುಬಿಳುಪು ಫೋಟೋ.

ನಮಸ್ಕಾರ. ಕುಂಬಳೆಯ ನಮ್ಮ ಮನೆಯ ಚಾವಡಿಯಲ್ಲಿರುವ ಅಜ್ಜಿಯ ಫೋಟೋ ಇದು. ಹಣೆ ನೋಡಿ, ಕಾಸಗಲದ ಕುಂಕುಮ. ಕನ್ನಡಿ ನೋಡದೆಯೂ ಅದನ್ನು ದುಂಡಗೆ ಇಡುತ್ತಿದ್ದರು. ಅವರ ವರ್ಷಾಂತಿಕಕ್ಕೆ ಇದೇ ಫೋಟೋ ಹಾಕಿ ಬ್ಯಾನರ್ ಮಾಡಿಸಿದೆವು. ಖಾಲಿ ಜಾಗ ತುಂಬಲಿ ಅಂತ ಫೋಟೋವನ್ನು ಎರಡೂ ಬದಿಗೆ ಎಳೆದುಬಿಟ್ಟಿದ್ದರು. ಕೆನ್ನೆ ಉಬ್ಬಿ, ಕುಂಕುಮ ಮೊಟ್ಟೆಯ ಹಾಗೆ ಆಗಿತ್ತು. ದೊಡ್ಡಮ್ಮ ಹತ್ತಿರ ಹೋಗಿ ನೋಡಿ, "ಇದು ನಮ್ಮ ಅಮ್ಮನ ಮುಖವೇ ಅಲ್ಲ ಮಗಾ" ಅಂದರು. ಆ ಮಾತು ನನಗೆ ಮರೆಯುವುದಿಲ್ಲ. ಈ ವಿಡಿಯೋ ಮಾಡಿದ್ದು ಅದಕ್ಕೇ.

ನಾನು ತೋರಿಸುವುದು ಗಿಂಪ್‌ನಲ್ಲಿ. ಫೋಟೋ ತಿದ್ದುವ ಸಾಫ್ಟ್‌ವೇರ್ ಇದು, ದುಡ್ಡು ಕೊಡುವ ಕೆಲಸ ಇಲ್ಲ. ಕೇರಳದ ಶಾಲೆಗಳ ಐಸಿಟಿ, ಅಂದರೆ ಕಂಪ್ಯೂಟರ್ ಪಾಠದಲ್ಲಿ ಇದು ಉಂಟು, ಹಾಗಾಗಿ ನಮ್ಮ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕೈಗೂ ಪಳಗಿದ ಸಾಫ್ಟ್‌ವೇರ್.

ದೃಶ್ಯ: ಸ್ಕೇಲ್ ಇಮೇಜ್ ಕಿಟಕಿ. ಸರಪಳಿ ಚಿಹ್ನೆಯನ್ನು ದೊಡ್ಡದು ಮಾಡಿ ತೋರಿಸಿ.

ಇಮೇಜ್ ಮೆನುವಿನಲ್ಲಿ ಸ್ಕೇಲ್ ಇಮೇಜ್ ಒತ್ತಿ. ಅಗಲ, ಎತ್ತರ ಅಂತ ಎರಡು ಸಂಖ್ಯೆ ಕಾಣ್ತದೆ, ಪಕ್ಕದಲ್ಲಿ ಒಂದು ಚಿಕ್ಕ ಸರಪಳಿ. ಸರಪಳಿ ಕೂಡಿಕೊಂಡಿದ್ದರೆ ಒಂದು ಸಂಖ್ಯೆ ಬದಲಿಸಿದಾಗ ಇನ್ನೊಂದು ತಾನಾಗಿ ಬದಲಾಗ್ತದೆ. ಬಿಡಿಸಿದರೆ ಮುಖ ಹಿಗ್ಗುವುದು, ಕುಗ್ಗುವುದು ಶುರು.

ನಮ್ಮ ಕಡೆ ಎಲ್ಲರಿಗೂ ಬೇಕಾಗುವ ಒಂದು ಉದಾಹರಣೆ ತೆಗೆದುಕೊಳ್ಳುವ. ಸರಕಾರಿ ಕೆಲಸಕ್ಕೆ ಅರ್ಜಿ ಹಾಕುವ ಕೇರಳ ಪಿಎಸ್‌ಸಿ ಪ್ರೊಫೈಲಿಗೆ ಫೋಟೋ 150 ಪಿಕ್ಸೆಲ್ ಅಗಲ, 200 ಪಿಕ್ಸೆಲ್ ಎತ್ತರ, 30 ಕೆಬಿ ಒಳಗೆ ಇರಬೇಕು. ಪಿಕ್ಸೆಲ್ ಅಂದರೆ ಫೋಟೋದ ಒಂದೊಂದು ಚಿಕ್ಕ ಬಣ್ಣದ ಚುಕ್ಕೆ. ಚೌಕದ ಫೋಟೋ ಹಿಡಿದು ಸರಪಳಿ ಬಿಡಿಸಿ ಈ ಎರಡು ಸಂಖ್ಯೆ ತುಂಬಿಸಿದರೆ ಅಳತೆ ಸರಿ ಬರ್ತದೆ, ಆದರೆ ಮುಖ ಕಾಲು ಭಾಗ ತೆಳ್ಳಗಾಗ್ತದೆ. ಮೊದಲು ಕತ್ತರಿಸಬೇಕು, ಆಮೇಲೆ ಕುಗ್ಗಿಸಬೇಕು. ಕ್ರಾಪ್ ಟೂಲಿನಲ್ಲಿ ಫಿಕ್ಸ್ಡ್ ಆಸ್ಪೆಕ್ಟ್ ರೇಶಿಯೋಗೆ ಟಿಕ್ ಹಾಕಿ 3:4 ಅಂತ, ಅಂದರೆ ಅಗಲ 3 ಪಾಲು, ಎತ್ತರ 4 ಪಾಲು ಅಂತ ಕೊಡಿ, ತಲೆ ಮತ್ತು ಹೆಗಲು ಬರುವ ಹಾಗೆ ಚೌಕಟ್ಟು ಕೂರಿಸಿ, ಕತ್ತರಿಸಿ. ಈಗ ಸ್ಕೇಲ್ ಇಮೇಜ್‌ನಲ್ಲಿ ಅಗಲ 150 ಅಂತ ಹೊಡೆದರೆ 200 ತಾನಾಗಿ ಬಂತು. ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂಗೆ ಟಿಕ್ ಹಾಕಿ, ಫೈಲ್ ಎಷ್ಟು ಕೆಬಿ ಅಂತ ಅಲ್ಲೇ ತೋರಿಸ್ತದೆ. ಜಾಸ್ತಿ ಇದ್ದರೆ ಕ್ವಾಲಿಟಿ ಸ್ವಲ್ಪ ಇಳಿಸಿ.

ಕುಗ್ಗಿಸಿದ್ದನ್ನು ಮತ್ತೆ ಹಿಗ್ಗಿಸಬಹುದಲ್ಲ ಅಂತ ಕೇಳ್ತಾರೆ. 3000ಕ್ಕೆ 4000 ಪಿಕ್ಸೆಲ್‌ನ ಫೋಟೋವನ್ನು 150ಕ್ಕೆ 200 ಮಾಡಿದಾಗ 400 ಪಿಕ್ಸೆಲ್ ಸೇರಿ ಒಂದೇ ಆಗ್ತದೆ. ವಾಪಸು ಹಿಗ್ಗಿಸಿದರೆ ಆ ಒಂದರಿಂದ 400 ಹುಟ್ಟಬೇಕು. ಗಿಂಪ್ ಅಕ್ಕಪಕ್ಕದ ಬಣ್ಣ ನೋಡಿ ಅಂದಾಜಿನಲ್ಲಿ ತುಂಬಿಸ್ತದೆ, ಅಷ್ಟೇ. ಹೋದ ಹುಬ್ಬಿನ ಕೂದಲು ಬರುವುದಿಲ್ಲ. ಮೂಲ ಫೈಲನ್ನು ದಯವಿಟ್ಟು ಮುಟ್ಟಬೇಡಿ, ಕಾಪಿ ಮಾಡಿ ಅದರ ಮೇಲೆ ಕೆಲಸ ಮಾಡಿ.

ದೃಶ್ಯ: ಬೇಕಲ ಕೋಟೆಯ ಬುರುಜಿನಿಂದ ತೆಗೆದ ಫೋಟೋ. ಸಮುದ್ರದ ಗೆರೆ ಓರೆಯಾಗಿದೆ.

ತಿರುಗಿಸುವುದು ಸುಲಭ. ಮೆಷರ್ ಟೂಲ್ ಹಿಡಿದು ಸಮುದ್ರ ಮತ್ತು ಆಕಾಶ ಸೇರುವಲ್ಲಿ ಈ ಬದಿಯಿಂದ ಆ ಬದಿಗೆ ಒಂದು ಗೆರೆ ಎಳೆಯಿರಿ, ಸ್ಟ್ರೇಟನ್ ಒತ್ತಿ. ಮೂಲೆಗಳಲ್ಲಿ ಖಾಲಿ ತ್ರಿಕೋನ ಉಳಿಯುತ್ತದೆ, ಕ್ರಾಪ್ ಮಾಡಿ ತೆಗೆಯಿರಿ. ಎರಡು ಡಿಗ್ರಿ, ಸಾಲಲಿಲ್ಲ, ಮತ್ತೆ ಒಂದು ಡಿಗ್ರಿ ಅಂತ ಮಾಡಬೇಡಿ. ಪ್ರತಿ ಸಲವೂ ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕಬೇಕಾಗ್ತದೆ, ಫೋಟೋ ಮಸುಕಾಗ್ತಾ ಹೋಗ್ತದೆ. ಸರಿ ಬರದಿದ್ದರೆ ಅನ್‌ಡೂ ಮಾಡಿ ಒಂದೇ ಸಲಕ್ಕೆ ತಿರುಗಿಸಿ. 90 ಡಿಗ್ರಿಗೆ ಈ ತೊಂದರೆ ಇಲ್ಲ, ಅಲ್ಲಿ ಪಿಕ್ಸೆಲ್‌ಗಳು ಜಾಗ ಬದಲಿಸುವುದು ಮಾತ್ರ.

ದೃಶ್ಯ: ಮೊಬೈಲಿನಲ್ಲಿ ಪಕ್ಕದಿಂದ ತೆಗೆದ ಅಜ್ಜಿಯ ಫೋಟೋ. ಫ್ರೇಮಿನ ಒಂದು ಬದಿ ಎತ್ತರ, ಇನ್ನೊಂದು ಗಿಡ್ಡ.

ಈಗ ಅಜ್ಜಿಯ ಫೋಟೋಗೆ ಬರುವ. ಎದುರು ನಿಂತು ತೆಗೆದರೆ ಗಾಜಿನಲ್ಲಿ ಬಾಗಿಲಿನ ಬೆಳಕು ಹೊಳೆಯುತ್ತದೆ. ಹಾಗಾಗಿ ಸ್ವಲ್ಪ ಪಕ್ಕಕ್ಕೆ ಸರಿದು ತೆಗೆದೆ. ಫ್ರೇಮ್ ಸೊಟ್ಟ ಬಂತು. ಪರ್ಸ್ಪೆಕ್ಟಿವ್ ಟೂಲ್ ತೆಗೆದುಕೊಂಡು ಅದರ ಆಯ್ಕೆಗಳಲ್ಲಿ ಡೈರೆಕ್ಷನ್ ಅನ್ನುವುದನ್ನು ಕರೆಕ್ಟಿವ್‌ಗೆ, ಕ್ಲಿಪಿಂಗನ್ನು ಕ್ಲಿಪ್‌ಗೆ ಹಾಕಿ. ನಾಲ್ಕು ಹಿಡಿಗಳನ್ನು ಒಂದೊಂದಾಗಿ ಎಳೆದು ಫ್ರೇಮಿನ ನಾಲ್ಕು ಮೂಲೆಗೆ ಕೂರಿಸಿ. ಜೂಮ್ ಮಾಡಿಯೇ ಕೂರಿಸಿ, ಇಲ್ಲಿ ಅವಸರ ಬೇಡ. ಟ್ರಾನ್ಸ್‌ಫಾರ್ಮ್ ಒತ್ತಿದರೆ ಫ್ರೇಮ್ ನೇರವಾಗಿ ಇಡೀ ಚಿತ್ರವನ್ನು ತುಂಬಿಕೊಳ್ತದೆ.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ಮೊಬೈಲಿನ ಚಿತ್ರ 3:4, 3000ಕ್ಕೆ 4000. ಅಜ್ಜಿಯ ಫ್ರೇಮನ್ನು ಟೇಪ್ ಹಿಡಿದು ಅಳೆದೆ, ಅದು 8 ಇಂಚು ಅಗಲ, 10 ಇಂಚು ಎತ್ತರ, ಅಂದರೆ 4:5. ಗಿಂಪ್‌ಗೆ ಅದು ಗೊತ್ತಿಲ್ಲ, ಫ್ರೇಮನ್ನು 3:4ಕ್ಕೆ ಎಳೆದು ಹಾಕಿದೆ. ಅಜ್ಜಿಯ ಮುಖ ತುಸು ಉದ್ದ ಕಾಣ್ತಾ ಉಂಟು. ಇಂಥಲ್ಲಿ ನಾನು ಸರಪಳಿಯನ್ನು ಬೇಕೆಂದೇ ಬಿಡಿಸ್ತೇನೆ: ಸ್ಕೇಲ್ ಇಮೇಜ್, ಅಗಲ 3000 ಹಾಗೇ ಇರಲಿ, ಎತ್ತರ 3750.

ದೃಶ್ಯ: ಹಣೆಯ ಭಾಗ, ಜೂಮ್. ಕುಂಕುಮದ ಸುತ್ತ ಎಲಿಪ್ಸ್ ಸೆಲೆಕ್ಟ್, ಕೆಳಗೆ ಅಗಲ ಮತ್ತು ಎತ್ತರದ ಸಂಖ್ಯೆ.

ಸರಿಯಾಯಿತಾ ಅಂತ ನೋಡಲಿಕ್ಕೆ ಎಲಿಪ್ಸ್ ಸೆಲೆಕ್ಟ್ ಟೂಲಿನಿಂದ ಕುಂಕುಮದ ಸುತ್ತ ಗೆರೆ ಹಾಕಿ. ಅಗಲ, ಎತ್ತರ ಎರಡೂ ಹೆಚ್ಚುಕಮ್ಮಿ ಒಂದೇ ಬಂದರೆ ಸರಿ. ನಿಮ್ಮ ಫೋಟೋದಲ್ಲಿ ಕುಂಕುಮ ಇಲ್ಲದಿದ್ದರೆ ಎದುರಿಗೆ ಮುಖ ಮಾಡಿದ ಗಡಿಯಾರವೋ ಅಂಗಿಯ ಗುಂಡಿಯೋ ಹುಡುಕಿ. ಈ ಪ್ರಿಂಟ್ ನಾಳೆ ದೊಡ್ಡಮ್ಮನಿಗೆ ಕೊಡ್ತಾ ಇದ್ದೇನೆ.