ತಕ್ಕಡಿಗೆ ಮುದ್ರೆ ಉಂಟು, ಗಾಳಿ ಟ್ಯಾಂಕಿಗೆ ಇಲ್ಲ

ನಮಸ್ಕಾರ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕಾಲು ಕೆಜಿ ಬೀನ್ಸ್ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ವರ್ಷಕ್ಕೊಮ್ಮೆ ಬೀಳಬೇಕು. ಅದೇ ಊರಿನ ಪಂಕ್ಚರ್ ಅಂಗಡಿಯಲ್ಲಿ, ಗಿರಾಕಿಯ ಮೊಣಕಾಲಿನಿಂದ ಎರಡಡಿ ದೂರದಲ್ಲಿ ಗಡಗಡಿಸುವ ಕಂಪ್ರೆಸರ್ ಟ್ಯಾಂಕನ್ನು ಕೊನೆಯದಾಗಿ ಪರೀಕ್ಷಿಸಿದವರು ಯಾರೆಂದು ಕೇಳಿದರೆ ಉತ್ತರವಿರುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಚದರ ಸೆಂಟಿಮೀಟರಿಗೆ 8 ಕೆಜಿ ಒತ್ತಡದಲ್ಲಿ ಗಾಳಿ ತುಂಬಿದಾಗ, 40 ಸೆಂಟಿಮೀಟರ್ ಅಡ್ಡಳತೆಯ ಟ್ಯಾಂಕಿನ ಒಂದು ಬದಿಯ ಮುಚ್ಚಳದ ಮೇಲೆ ಬೀಳುವ ಬಲ ಸುಮಾರು 10 ಟನ್. ಮೈಶುಗರ್ ಕಡೆಗೆ ಹೊರಟ ಕಬ್ಬಿನ ಟ್ರೈಲರ್ ಒಂದನ್ನು ಆ ತಗಡಿನ ಮೇಲೆ ನಿಲ್ಲಿಸಿದ ಹಾಗೆ. ಆ ತಗಡು ಹೊರಗಿನಿಂದ ಸವೆಯುವುದಿಲ್ಲ. ಗಾಳಿಯನ್ನು ಒತ್ತಿದಾಗ ಅದರಲ್ಲಿನ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಂತು, ಒಳಗಿನಿಂದ ತುಕ್ಕು ಹಿಡಿಸುತ್ತದೆ. ಮೇಲೆ ಎಷ್ಟೇ ಚೆಂದದ ನೀಲಿ ಬಣ್ಣವಿದ್ದರೂ ಹೊಟ್ಟೆಯ ಅಡಿಭಾಗ ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಲೇ ಇರುತ್ತದೆ.

ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆಗಳ ಕಾಯ್ದೆಯ 31ನೇ ಸೆಕ್ಷನ್ ಒತ್ತಡದ ಯಂತ್ರಗಳ ಕುರಿತೇ ಇತ್ತು. ಆದರೆ ಆ ಕಾಯ್ದೆಯ ಕಣ್ಣಿಗೆ ಕಾರ್ಖಾನೆ ಎನಿಸಿಕೊಳ್ಳಲು, ವಿದ್ಯುತ್ ಬಳಸುವ ಕಡೆ, ಸಾಮಾನ್ಯವಾಗಿ 10 ಜನ ಕೆಲಸಗಾರರಾದರೂ ಇರಬೇಕಿತ್ತು. ಅದರ ಜಾಗಕ್ಕೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ, ಕೆಲಸದ ಸ್ಥಳದ ಸುರಕ್ಷತೆ ಕುರಿತ 2020ರ ಸಂಹಿತೆ ಈ ಮಿತಿಯನ್ನು 20ಕ್ಕೆ ಏರಿಸಿದೆ. ಮಾಲೀಕ, ಭಾವಮೈದುನ, ಒಬ್ಬ ಹುಡುಗ ಸೇರಿ ನಡೆಸುವ ಶೆಡ್ಡು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಟ್ಯಾಂಕಿಗೇನು, ತನ್ನ ಸುತ್ತ ಎಷ್ಟು ಜನರಿದ್ದಾರೆಂದು ಎಣಿಸಿ ಸಿಡಿಯುತ್ತದೆಯೇ?

ಮಂಡ್ಯದ ಒಂದು ಸ್ಪ್ರೇ ಪೇಂಟಿಂಗ್ ಶೆಡ್ಡಿನಲ್ಲಿ ಗಾಡಿ ಬಿಟ್ಟು ಕಾಯುತ್ತಿದ್ದಾಗ ನಾನು ಕಂಡದ್ದು ಇದು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಉದ್ಯಮ ಪರವಾನಗಿ, ಕಂಪ್ರೆಸರಿನ ಮೈಮೇಲೆ ಆಯುಧಪೂಜೆಯ ಕುಂಕುಮ, ಒತ್ತಡ ಮಿತಿ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಇರಬೇಕಾದ ಜಾಗದಲ್ಲಿ ಬಿಗಿದ ಒಂದು ಬೋಲ್ಟು. "ಗಾಳಿ ಸೋರಿ ಕರೆಂಟು ದಂಡ ಆಯ್ತಿತ್ತು ಸಾರ್" ಎಂದರು ಮಾಲೀಕರು, ಮಿತವ್ಯಯದ ಹೆಮ್ಮೆಯಿಂದಲೇ. ಪರವಾನಗಿ ಅಸಲಿಯೇ ಇತ್ತು. ಅಂಗಡಿಯ ವಿಳಾಸ ಅದರಲ್ಲಿತ್ತು, ಟ್ಯಾಂಕಿನ ಪ್ರಸ್ತಾಪ ಇರಲಿಲ್ಲ.

ನನ್ನ ವಾದ ಇಷ್ಟೇ: ಉದ್ಯಮ ಪರವಾನಗಿಯ ನವೀಕರಣಕ್ಕೆ ಟ್ಯಾಂಕಿನ ನೀರೊತ್ತಡ ಪರೀಕ್ಷೆಯನ್ನು ಜೋಡಿಸಬೇಕು. ಟ್ಯಾಂಕಿಗೆ ಪೂರ್ತಿ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡಕ್ಕಿಂತ ಮೇಲೇರಿಸಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ನೀರು ಗಾಳಿಯಂತೆ ಕುಗ್ಗಿ ಕೂರುವುದಿಲ್ಲವಾದ್ದರಿಂದ ತಗಡು ಬಿಟ್ಟುಕೊಂಡರೂ ಸಾಮಾನ್ಯವಾಗಿ ನೀರು ಚಿಮ್ಮುತ್ತದೆಯೇ ಹೊರತು ಟ್ಯಾಂಕು ಬಾಂಬಿನಂತೆ ಸಿಡಿಯುವುದಿಲ್ಲ. ಪಂಪು ಹೊತ್ತ ಒಂದು ವ್ಯಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಒಂದು ದಿನ, ಮಂಡ್ಯ ಕಡೆಯ ತೂಬಿನಕೆರೆಗೆ ಒಂದು ದಿನ ಬಂದರೆ ಸಾಕು.

ಇನ್ನೊಬ್ಬ ಇನ್‌ಸ್ಪೆಕ್ಟರ್, ಇನ್ನೊಂದು ಮಾಮೂಲು ಎಂದು ನೀವು ಗೊಣಗುವುದು ನನಗೆ ಕೇಳಿಸುತ್ತಿದೆ, ಆ ಗೊಣಗಾಟದಲ್ಲಿ ಅನುಭವವೂ ಇದೆ. ಅದಕ್ಕಾಗಿಯೇ ಫಲಿತಾಂಶ ಕಡತದಲ್ಲಿ ಕೂರಬಾರದು. ತಕ್ಕಡಿಯ ಮುದ್ರೆಯ ಹಾಗೆ ತಿಂಗಳು, ವರ್ಷ, ಒತ್ತಡದ ಮಿತಿ ಟ್ಯಾಂಕಿಗೆ ಬಿಗಿದ ಫಲಕದ ಮೇಲೇ ಅಚ್ಚಾಗಿರಬೇಕು, ಗಾಳಿ ಹಿಡಿಸಲು ಬಂದ ಕಾಲೇಜು ಹುಡುಗಿಯೂ ಓದುವಂತಿರಬೇಕು.

ಅಲ್ಲಿಯವರೆಗೆ, ಇವತ್ತು ಸಂಜೆ ಅಂಗಡಿ ಮುಚ್ಚುವ ಮುನ್ನ ಒತ್ತಡ ಇಳಿಸಿ ತಳದಲ್ಲಿ ನೀರು ಬಿಡಲು ಇರುವ ನಲ್ಲಿ, ಅಂದರೆ ಡ್ರೈನ್ ಕಾಕ್, ತಿರುಗಿಸಿ. ಬರುವ ನೀರು ಇಟ್ಟಿಗೆ ಬಣ್ಣದ್ದಾಗಿದ್ದರೆ, ಆ ಟ್ಯಾಂಕನ್ನು ಪರೀಕ್ಷೆ ಮಾಡಿಸದೆ ನಾಳೆ ಸ್ವಿಚ್ ಹಾಕಬೇಡಿ.