ಅಗ್ಗದ ಗಿಟಾರಿನಲ್ಲಿ ಉಳಿದುಹೋದ ಕೆಲಸ

ಸಭೆಯಲ್ಲಿರುವ ಹಿರಿಯರಿಗೂ ಸಂಗೀತಪ್ರಿಯ ಗೆಳೆಯರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮಲಗಿಸಿರುವ ಗಿಟಾರನ್ನು ಕಂಡು, ಒಳಗೆ ಬರುವಾಗ ನಿಮ್ಮಲ್ಲಿ ಇಬ್ಬರು ಮೂವರು ಮುಗುಳ್ನಕ್ಕದ್ದನ್ನು ನಾನು ಗಮನಿಸಿದೆ. ನಗುವುದು ನ್ಯಾಯವೇ. ಇದರ ಮೇಲ್ಹಲಗೆಯ ಬಣ್ಣ ಅಂಗೈಯಗಲ ಎದ್ದುಹೋಗಿದೆ, ಆರು ಬಿರಡೆಗಳಲ್ಲಿ ಒಂದು ಬೇರೆ ಜಾತಿಯದು, ತಲೆಯ ಮೇಲಿದ್ದ ಕಂಪನಿಯ ಹೆಸರು ಉಜ್ಜಿ ಉಜ್ಜಿ ಅಳಿಸಿದೆ. ಇಪ್ಪತ್ತು ವರ್ಷಕ್ಕೂ ಹಿಂದೆ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ, ಹಳೆಯ ಮಿಕ್ಸಿಗಳ ಮತ್ತು ಒಂಟಿ ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಬಿದ್ದಿದ್ದ ಇದನ್ನು ನಾನು ಆರುನೂರು ರೂಪಾಯಿ ಕೊಟ್ಟು ಕೊಂಡೆ. ಆವತ್ತು ಇದನ್ನು ನುಡಿಸುವುದು ಸಾಧ್ಯವಿರಲಿಲ್ಲ. ಈಗ ಮನೆಯಲ್ಲಿರುವ ಬೇರೆ ವಾದ್ಯಗಳನ್ನು ಬಿಟ್ಟು ಕೈ ಮೊದಲು ಇದರ ಕಡೆಗೇ ಹೋಗುತ್ತದೆ. ಈ ಎರಡು ಸ್ಥಿತಿಗಳ ನಡುವೆ ಏನಾಯಿತು ಎಂಬುದನ್ನು ವಿವರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಒಂದು ಗಿಟಾರು ಅಗ್ಗವಾಗಿದೆ ಎಂದರೆ ಅದರಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿದರೆ, ಹೆಚ್ಚಿನವರು ಮರ ಎನ್ನುತ್ತಾರೆ. ಆ ಉತ್ತರ ಪೂರ್ತಿ ತಪ್ಪಲ್ಲ. ತಂತಿಗಳ ಕಂಪನವನ್ನು ಹೊತ್ತು ನಡುಗುವ ಮೇಲ್ಹಲಗೆ ಒಳ್ಳೆಯ ಮರದ ಒಂದೇ ತುಂಡಾಗಿದ್ದರೆ ನಾದಕ್ಕೆ ಬರುವ ಹರವು ಪ್ಲೈವುಡ್ಡಿಗೆ ಬರುವುದು ಕಷ್ಟ. ಆದರೆ ಬೆನ್ನು ಮತ್ತು ಪಕ್ಕೆಗಳ ಮರದ ಬಗ್ಗೆ ನಾವು ಕಟ್ಟಿಕೊಂಡಿರುವ ನಂಬಿಕೆಗಳು ಅಷ್ಟು ಗಟ್ಟಿಯಾದ ನೆಲದ ಮೇಲಿಲ್ಲ. ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ: ಬ್ರೆಜಿಲ್ ದೇಶವು ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತಿಗೆ ತಡೆಹಾಕಿದ ಮೇಲೆ, ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್ಡಿಗೆ, ಎಂದರೆ ನಮ್ಮ ಮಲೆನಾಡು ಕೊಡಗುಗಳಲ್ಲಿಯೂ ಬೆಳೆಯುವ ಬೀಟೆ ಮರಕ್ಕೆ ತಿರುಗಿತು. ಬ್ರೆಜಿಲ್ಲಿನ ಮರದ ಗಿಟಾರುಗಳಿಗೆ ಇಂದಿಗೂ ಹಲವು ಪಟ್ಟು ಬೆಲೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಬೆನ್ನು ಪಕ್ಕೆಗಳ ಮರವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ಒಂದೇ ಬಗೆಯಾಗಿದ್ದ ಆರು ಗಿಟಾರುಗಳನ್ನು ಒಬ್ಬನೇ ಕುಶಲಕರ್ಮಿಯಿಂದ ಮಾಡಿಸಿ, ಮಂದ ಬೆಳಕಿನ ಕೋಣೆಯಲ್ಲಿ ಕಪ್ಪು ಕನ್ನಡಕ ಹಾಕಿಸಿ, 52 ಮಂದಿ ಗಿಟಾರು ವಾದಕರಿಗೆ ನುಡಿಸಲು ಕೊಟ್ಟರು. ಬ್ರೆಜಿಲ್ಲಿನ ಮರ, ಬೀಟೆ, ಮಹಾಗನಿ, ಮೇಪಲ್ ಮುಂತಾದವು ಅಲ್ಲಿದ್ದವು. ವಾದಕರು ಕೊಟ್ಟ ಅಂಕಗಳಲ್ಲಿ ಮರಕ್ಕೂ ಮರಕ್ಕೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಹಾಗಾದರೆ ಅಗ್ಗದ ವಾದ್ಯದಲ್ಲಿ ನಿಜವಾಗಿ ಕಡಿಮೆಯಾಗಿರುವುದು ಏನು? ನನ್ನ ಉತ್ತರ: ಕೈಕೆಲಸದ ಗಂಟೆಗಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಿಟಾರಿನ ದಂಡಿಯ ಮೇಲೆ ಮೆಟ್ಟಿಲುಗಳನ್ನು, ಎಂದರೆ ತಂತಿಯನ್ನು ಬೆರಳಿನಿಂದ ಒತ್ತಿದಾಗ ತಗಲುವ ಅಡ್ಡಪಟ್ಟಿಗಳನ್ನು, ಕೂರಿಸುವ ಸ್ಥಾನಗಳು ಬರೀ ಲೆಕ್ಕಾಚಾರದ ಮಾತು. ಮೇಲ್ಹಲಗೆಯ ಮೇಲೆ ತಂತಿಗಳನ್ನು ಹೊತ್ತಿರುವ ಕುದುರೆಯವರೆಗೆ ಉಳಿದಿರುವ ತಂತಿಯ ಉದ್ದವನ್ನು ಪ್ರತಿಸಲವೂ 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲು ಎಲ್ಲಿ ಬರಬೇಕೆಂಬುದು ಸಿಗುತ್ತದೆ, ಹನ್ನೆರಡನೆಯ ಮೆಟ್ಟಿಲು ಸರಿಯಾಗಿ ಅರ್ಧಕ್ಕೆ ಬರುತ್ತದೆ. ಒಂದೇ ಅಚ್ಚಿಗೆ ಹಲವು ಗರಗಸದ ಬಿಲ್ಲೆಗಳನ್ನು ಜೋಡಿಸಿದ ಯಂತ್ರವು ಆ ಗೀರುಗಳನ್ನೆಲ್ಲ ಒಂದೇ ಏಟಿಗೆ ಕೊರೆಯಬಲ್ಲದು, ಅದಕ್ಕೆ ದುಬಾರಿ ಗಿಟಾರು, ಅಗ್ಗದ ಗಿಟಾರು ಎಂಬ ಭೇದವಿಲ್ಲ. ಆದ್ದರಿಂದಲೇ ಸ್ವರಸ್ಥಾನದ ಮಟ್ಟಿಗೆ ಅಗ್ಗದ ಗಿಟಾರುಗಳಲ್ಲಿ ಮೋಸ ಕಡಿಮೆ. ಮೋಸ ಇರುವುದು ಅದರ ಮುಂದಿನ ಹಂತದಲ್ಲಿ. ಕೂರಿಸಿದ ಮೆಟ್ಟಿಲುಗಳ ತಲೆಗಳನ್ನೆಲ್ಲ ಒಂದೇ ಮಟ್ಟಕ್ಕೆ ಉಜ್ಜಬೇಕು, ಉಜ್ಜಿ ಚಪ್ಪಟೆಯಾದದ್ದನ್ನು ಅರದಿಂದ ಮತ್ತೆ ಗುಂಡಗೆ ತೀಡಬೇಕು, ಅಂಚುಗಳು ಬೆರಳಿಗೆ ಚುಚ್ಚದಂತೆ ಮಾಡಬೇಕು, ದಂಡಿಗೆ ಕೂದಲೆಳೆಯಷ್ಟು ಬಾಗು ಕೊಡಬೇಕು, ಕುದುರೆಯ ಎತ್ತರ ನೋಡಬೇಕು. ತಲೆಯ ಬುಡದಲ್ಲಿ ತಂತಿಗಳು ಹಾದುಹೋಗುವ ನಟ್ ಎಂಬ ಸಣ್ಣ ಪಟ್ಟಿಯಲ್ಲಿ ಆರು ಕಚ್ಚುಗಳಿರುತ್ತವೆ. ಅವುಗಳ ಆಳವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೊಂದಿಸಬೇಕು.

ಆ ಕಚ್ಚುಗಳ ವಿಷಯದಲ್ಲಿ ತುಸು ನಿಲ್ಲುತ್ತೇನೆ, ಏಕೆಂದರೆ ಗಿಟಾರು ಕಲಿಯಲು ಹೊರಟು ಮೂರೇ ತಿಂಗಳಲ್ಲಿ ಕೈಬಿಟ್ಟ ಎಷ್ಟೋ ಮಂದಿಯ ಕಥೆ ಅಲ್ಲಿ ಅಡಗಿದೆಯೆಂದು ನನಗೆ ಅನ್ನಿಸುತ್ತದೆ. ಕಚ್ಚು ತೀರಾ ಆಳವಾದರೆ ತಂತಿ ಮೆಟ್ಟಿಲಿಗೆ ಬಡಿದು ಝರ್‍ ಎನ್ನುತ್ತದೆ, ಗಿರಾಕಿ ಅಂಗಡಿಯಲ್ಲಿಯೇ ಬೇಡವೆನ್ನುತ್ತಾನೆ. ಕಚ್ಚು ಎತ್ತರವಾಗಿದ್ದರೆ ಅಂಥ ಸದ್ದಿಲ್ಲ, ಬಿಟ್ಟ ತಂತಿಯನ್ನು ಮೀಟಿದರೆ ಚೆನ್ನಾಗಿಯೇ ಕೇಳುತ್ತದೆ. ಆದ್ದರಿಂದ ಸಮಯವಿಲ್ಲದ ಕಾರ್ಖಾನೆಯು ಎತ್ತರವನ್ನೇ ಉಳಿಸುತ್ತದೆ. ಆದರೆ ಅಷ್ಟು ಎತ್ತರದ ತಂತಿಯನ್ನು ಮೊದಲ ಮೆಟ್ಟಿಲಿಗೆ ಒತ್ತುವಾಗ ಅದು ಅಗತ್ಯಕ್ಕಿಂತ ಹೆಚ್ಚು ಹಿಗ್ಗುತ್ತದೆ, ಶ್ರುತಿ ಏರಿಬಿಡುತ್ತದೆ, ಬೆರಳತುದಿ ಬೊಬ್ಬೆ ಬರುವಷ್ಟು ನೋಯುತ್ತದೆ. ಕಲಿಯುವ ಹುಡುಗನೋ ಹುಡುಗಿಯೋ ತನ್ನ ಕಿವಿಯೇ ಸರಿಯಿಲ್ಲ, ತನಗೆ ಈ ವಿದ್ಯೆ ಒಲಿಯುವುದಿಲ್ಲ ಎಂದುಕೊಂಡು ಗಿಟಾರನ್ನು ಅಟ್ಟಕ್ಕೆ ಹಾಕುತ್ತಾರೆ. ಕಾರಣವಾದದ್ದು ಯಾರೋ ಅರ ಹಿಡಿದು ಕೂರಬೇಕಾಗಿದ್ದ ಹತ್ತು ನಿಮಿಷ.

ವೀಣೆ ನುಡಿಸುವವರಿಗೆ ಈ ಮಾತು ಹೊಸದಾಗಿ ತೋರಲಾರದು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಕಾಲ ಕಳೆದಂತೆ ಮೇಣ ಜರುಗುತ್ತದೆ, ಸ್ವರ ಓಡುತ್ತದೆ, ಆಗ ಬಲ್ಲವರನ್ನು ಕರೆಸಿ ಮೇಳ ಕಟ್ಟಿಸಬೇಕು. ಎಷ್ಟೇ ಬೆಲೆಬಾಳುವ ವೀಣೆಯಾದರೂ ಅಂಗಡಿಯಿಂದ ಬಂದ ದಿನವೇ ಅದರ ಕೆಲಸ ಮುಗಿಯಿತೆಂದು ಯಾವ ವೈಣಿಕರೂ ತಿಳಿಯುವುದಿಲ್ಲ. ಗಿಟಾರಿನ ಮೆಟ್ಟಿಲುಗಳು ಮರಕ್ಕೆ ಕಚ್ಚಿಕೊಂಡಿರುವುದರಿಂದ ಅದು ಮುಗಿದ ವಸ್ತುವಿನಂತೆ ಕಾಣುತ್ತದೆ, ಕೊಂಡವರೂ ಹಾಗೆಯೇ ನಂಬುತ್ತಾರೆ. ಅಗ್ಗದ ಗಿಟಾರನ್ನು ಮೇಳ ಕಟ್ಟದ ವೀಣೆಯೆಂದು ಭಾವಿಸಿದರೆ ಅದರ ಮೇಲಿನ ತಿರಸ್ಕಾರ ತಾನಾಗಿಯೇ ಅರ್ಧ ಇಳಿಯುತ್ತದೆ.

ಈಗ ಅಗ್ಗವನ್ನೇ ಒಂದು ಜಾಣತನವನ್ನಾಗಿ ಮಾಡಿಕೊಂಡ ಒಬ್ಬ ಮನುಷ್ಯನ ಕಡೆಗೆ ಬರುತ್ತೇನೆ. ನೇತನ್ ಡೇನಿಯಲ್ 1947ರಲ್ಲಿ ಅಮೆರಿಕದ ನ್ಯೂ ಜರ್ಸಿ ರಾಜ್ಯದಲ್ಲಿ ಡೇನ್‌ಎಲೆಕ್ಟ್ರೋ ಎಂಬ ಕಂಪನಿಯನ್ನು ಕಟ್ಟಿದರು. ಮೊದಲು ಆಂಪ್ಲಿಫೈಯರುಗಳನ್ನು ಮಾಡುತ್ತಿದ್ದ ಅವರು 1954ರ ಹೊತ್ತಿಗೆ ಎಲೆಕ್ಟ್ರಿಕ್ ಗಿಟಾರುಗಳನ್ನು ತಯಾರಿಸತೊಡಗಿದರು. ಅವುಗಳಲ್ಲಿ ಬಹುಪಾಲು, ಸಿಯರ್ಸ್ ಎಂಬ ದೊಡ್ಡ ಅಂಚೆ ವ್ಯಾಪಾರದ ಸಂಸ್ಥೆಯ ಕ್ಯಾಟಲಾಗಿನಲ್ಲಿ ಸಿಲ್ವರ್‌ಟೋನ್ ಎಂಬ ಹೆಸರಿನಡಿ, ಹೊಲಿಗೆಯಂತ್ರ ಮತ್ತು ಬಟ್ಟೆಬರೆಗಳ ಜೊತೆಗೆ ಮಾರಾಟವಾದವು. ಮರದ ಚೌಕಟ್ಟಿನ ಮೇಲೂ ಕೆಳಗೂ ಮೇಸನೈಟ್, ಎಂದರೆ ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡಿನ ಹಾಳೆ. ಪಕ್ಕೆಗಳ ಒರಟನ್ನು ಮುಚ್ಚಲು ಸುತ್ತಲೂ ಅಂಟಿಸಿದ ವಿನೈಲ್ ಪಟ್ಟಿ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪುಗಳಿಗೆ ಹೊದಿಕೆಯಾಗಿ ಲಿಪ್‌ಸ್ಟಿಕ್ ತುಂಬುವ ಲೋಹದ ಕೊಳವೆಗಳು. ಕಾಯಂ ಸರಕಾಗಿ ಸಾವಿರಗಟ್ಟಲೆ ತಯಾರಾಗುತ್ತಿದ್ದ ಆ ಕೊಳವೆಗಳನ್ನು ಕೊಂಡರೆ ಹೊಸ ಅಚ್ಚು ಮಾಡಿಸುವ ಖರ್ಚು ಉಳಿಯುತ್ತಿತ್ತು. 1962ರಲ್ಲಿ ಬಂದ ಮಾದರಿಯೊಂದರಲ್ಲಿ ಗಿಟಾರಿನ ಪೆಟ್ಟಿಗೆಯೊಳಗೇ ಆಂಪ್ಲಿಫೈಯರನ್ನು ಅಳವಡಿಸಿದ್ದರು; ಪೆಟ್ಟಿಗೆ ತೆರೆದು ಪ್ಲಗ್ಗು ಹಾಕಿದರೆ ಕಛೇರಿ ಶುರು.

ಡೇನಿಯಲ್ ಉಳಿತಾಯ ಮಾಡಿದ ಜಾಗಗಳನ್ನು ಗಮನಿಸಿ. ಒಡಲು, ಹೊದಿಕೆ, ಅಲಂಕಾರ, ಇವುಗಳಲ್ಲಿ ಅವರು ಕೈ ಬಿಗಿ ಹಿಡಿದರು. ದಂಡಿಯೊಳಗೆ ಮಾತ್ರ ಎರಡು ಉಕ್ಕಿನ ಸರಳುಗಳನ್ನು ಕೂರಿಸಿದರು. ಆ ಸರಳುಗಳನ್ನು ತಿರುಗಿಸಿ ಬಾಗು ಹೊಂದಿಸಲು ಬರುವುದಿಲ್ಲ, ಆದರೆ ಅರವತ್ತು ವರ್ಷಗಳ ನಂತರವೂ ನೆಟ್ಟಗಿರುವ ದಂಡಿಗಳು ಸಿಗುವುದು ಅವುಗಳಿಂದಲೇ. ಅವರ ವಿದ್ಯುತ್ ಜೋಡಣೆಯೂ ಬೇರೆಯಾಗಿತ್ತು: ಎರಡೂ ಪಿಕಪ್ಪುಗಳನ್ನು ಒಟ್ಟಿಗೆ ಬಳಸಿದಾಗ ಒಂದರ ಹಿಂದೊಂದು ಸೇರುವಂತೆ ತಂತಿ ಎಳೆದಿದ್ದರಿಂದ ನಾದ ತಟಕ್ಕನೆ ದಪ್ಪವಾಗಿ ಏಳುತ್ತಿತ್ತು. ಅಮೆರಿಕದ ಹೆಸರಾಂತ ರಾಕ್ ವಾದಕ ಜಿಮಿ ಹೆಂಡ್ರಿಕ್ಸ್‌ಗೆ ತಂದೆ 1959ರಲ್ಲಿ ಕೊಡಿಸಿದ ಮೊದಲ ಎಲೆಕ್ಟ್ರಿಕ್ ಗಿಟಾರು ಸುಪ್ರೋ ಎಂಬ ಸಾಧಾರಣ ಬೆಲೆಯದು. ಅದು ಕಳುವಾದ ಮೇಲೆ ಬಂದದ್ದು ಕೆಂಪು ಬಣ್ಣದ ಸಿಲ್ವರ್‌ಟೋನ್, ಇದೇ ಡೇನಿಯಲ್‌ರ ಕಾರ್ಖಾನೆಯದು. ಲೆಡ್ ಜೆಪ್ಪೆಲಿನ್ ಎಂಬ ರಾಕ್ ತಂಡದ ಜಿಮಿ ಪೇಜ್ ತಮ್ಮ ಖ್ಯಾತಿಯ ತುದಿಯಲ್ಲಿದ್ದಾಗ, ಬೇಕಾದ ಗಿಟಾರನ್ನು ಕೊಳ್ಳಬಲ್ಲ ಸ್ಥಿತಿಯಲ್ಲಿದ್ದಾಗ, ಬೇರೆ ಶ್ರುತಿಯಲ್ಲಿ ನುಡಿಸುವ ರಚನೆಗಳಿಗೆ ಡೇನ್‌ಎಲೆಕ್ಟ್ರೋವನ್ನೇ ವೇದಿಕೆಗೆ ತರುತ್ತಿದ್ದರು. ಹೆಂಡ್ರಿಕ್ಸ್ ಕುಟುಂಬಕ್ಕೆ ಅದು ಅನಿವಾರ್ಯವಾಗಿತ್ತು, ಪೇಜ್‌ಗೆ ಆಯ್ಕೆಯಾಗಿತ್ತು. ವಾದ್ಯದ ಗುಣಕ್ಕೆ ಎರಡನೆಯದೇ ಹೆಚ್ಚು ನಂಬಬಹುದಾದ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಕೆಲಸದ ಗಂಟೆಗಳನ್ನು ಕಾರ್ಖಾನೆಯವರ ಬದಲು ನುಡಿಸುವವರೇ ಸುರಿದರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಬ್ರಯನ್ ಮೇ ಅವರ ಗಿಟಾರಿಗಿಂತ ದೊಡ್ಡ ನಿದರ್ಶನ ನನಗೆ ತಿಳಿಯದು. 1963ರಲ್ಲಿ, ಹದಿಹರೆಯದ ಮೇ, ಕೊಳ್ಳಲು ಹಣವಿಲ್ಲದೆ, ಎಲೆಕ್ಟ್ರಾನಿಕ್ಸ್ ಬಲ್ಲ ತಂದೆಯ ಜೊತೆ ಸೇರಿ ಮನೆಯಲ್ಲೇ ಗಿಟಾರು ಮಾಡತೊಡಗಿದರು. ದಂಡಿಗೆ ಹಳೆಯ ಅಗ್ಗಿಷ್ಟಿಕೆಯ ಮೇಲಿನ ಮಹಾಗನಿ ತೊಲೆ. ಅದರಲ್ಲಿ ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ತಂತಿಗಳ ಎಳೆತಕ್ಕೆ ಎದುರು ನಿಲ್ಲಲು ಹಳೆಯ ಮೋಟರ್‌ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು, ದಂಡಿಯ ಮೇಲಿನ ಗುರುತುಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ಖರ್ಚು ಸುಮಾರು ಎಂಟು ಪೌಂಡು, ಹಿಡಿದ ಕಾಲ ಎರಡು ವರ್ಷದ ಸುಮಾರು. ಮುಂದೆ ಕ್ವೀನ್ ಎಂಬ ರಾಕ್ ತಂಡದ ಜೊತೆ ಜಗತ್ತನ್ನು ಸುತ್ತಿದ್ದು ಅದೇ ಗಿಟಾರು.

ನಮ್ಮ ಕಡೆಯ ಅನುಭವ ಇಷ್ಟು ವೈಭವದ್ದಲ್ಲ. ಉದಾರೀಕರಣಕ್ಕೆ ಮುಂಚೆ ವಿದೇಶದ ಗಿಟಾರು ಮಧ್ಯಮವರ್ಗದ ಮನೆಗೆ ಬರುವುದು, ಗಲ್ಫಿನಲ್ಲೋ ಹಡಗಿನಲ್ಲೋ ಕೆಲಸ ಮಾಡುವ ಚಿಕ್ಕಪ್ಪನಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಉಳಿದವರಿಗೆ ಸಿಗುತ್ತಿದ್ದದ್ದು ಗಿವ್‌ಸನ್ ಮೊದಲಾದ ಕೋಲ್ಕತ್ತದ ಗಿಟಾರುಗಳು; ಅಮೆರಿಕದ ಗಿಬ್ಸನ್ ಎಂಬ ಪ್ರಸಿದ್ಧ ಹೆಸರಿನ ಒಂದಕ್ಷರ ಬದಲಿಸಿ ಇಟ್ಟ ಆ ಹೆಸರಿನಲ್ಲಿ ಹಂಬಲವೂ ತುಂಟತನವೂ ಎರಡೂ ಇದ್ದವು. ಅವು ಹೆಚ್ಚಾಗಿ ಪ್ಲೈವುಡ್ಡಿನವು. ಹಾಗೆಂದು ಮೂಗು ಮುರಿಯುವ ಮೊದಲು ನಮ್ಮ ಹವೆಯನ್ನು ನೆನೆಯಬೇಕು. ಜೂನಿನ ಮಂಗಳೂರಿನಲ್ಲಿ ನೀರು ಕುಡಿದು ಉಬ್ಬಿ, ಮಾರ್ಚಿನ ಕಲಬುರಗಿಯಲ್ಲಿ ಒಣಗಿ ಕುಗ್ಗುವ ಒಂಟಿ ಹಲಗೆಯು ಆರೈಕೆಯಿಲ್ಲದಿದ್ದರೆ ನಾರಿನುದ್ದಕ್ಕೂ ಸೀಳುತ್ತದೆ. ಅಡ್ಡಡ್ಡ ಅಂಟಿಸಿದ ಪದರಗಳ ಪ್ಲೈವುಡ್ಡು ಅಷ್ಟು ಸುಲಭವಾಗಿ ಸೀಳುವುದಿಲ್ಲ. ನಾದದಲ್ಲಿ ಸೋತದ್ದನ್ನು ಅದು ಆಯಸ್ಸಿನಲ್ಲಿ ತುಂಬಿಕೊಡುತ್ತದೆ. ಬೀರುವಿನ ಮೇಲೆ ಹತ್ತು ವರ್ಷ ಬಿದ್ದಿದ್ದ ಗಿಟಾರು ಇನ್ನೂ ಒಂದೇ ತುಂಡಾಗಿ ಕೆಳಗಿಳಿಯುವುದು ಇದರಿಂದಲೇ.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲ ಚಿನ್ನವೆಂದು ಯಾರೂ ಭಾವಿಸಬಾರದು. ನಾನೇ ಹಾಗೆ ಭಾವಿಸಿ ದುಡ್ಡು ಕಳೆದುಕೊಂಡಿದ್ದೇನೆ. ಗಿಟಾರಿನ ಗಾಯಗಳಲ್ಲಿ ಚರ್ಮದ ಗಾಯ ಬೇರೆ, ಮೂಳೆಯ ಗಾಯ ಬೇರೆ. ಎದ್ದುಹೋದ ಬಣ್ಣ, ಮುಕ್ಕಾದ ಅಂಚು, ಬೆಲ್ಟಿನ ಬಕ್ಕಲ್ಲು ಬೆನ್ನಿನ ಮೇಲೆ ಕೆತ್ತಿದ ಗೀರು, ಇವು ಚರ್ಮದವು, ನುಡಿಸಾಣಿಕೆಗೆ ಯಾವ ಸಂಬಂಧವೂ ಇಲ್ಲದವು. ಉಕ್ಕಿನ ತಂತಿಯ ಸಾಧಾರಣ ಗಿಟಾರಿನ ಆರು ತಂತಿಗಳು ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತಿರುತ್ತವೆ, ಹಗಲೂ ರಾತ್ರಿ. ಆ ಎಳೆತಕ್ಕೆ ದಂಡಿ ಹಗ್ಗದಂತೆ ತಿರುಚಿಕೊಂಡಿದ್ದರೆ, ಕುದುರೆಯ ಹಿಂದೆ ಹಲಗೆ ಗುಡ್ಡದಂತೆ ಎದ್ದಿದ್ದರೆ, ಅದು ಮೂಳೆಯ ಗಾಯ. ಅಗ್ಗದ ಗಿಟಾರಿನಲ್ಲಿ ಅದನ್ನು ಸರಿಪಡಿಸುವ ಖರ್ಚು ಗಿಟಾರಿನ ಬೆಲೆಯನ್ನೇ ಮೀರುತ್ತದೆ. ಕೊಳ್ಳುವ ಮೊದಲು ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆಯನ್ನು ನೋಡುವಂತೆ ದಂಡಿಯುದ್ದಕ್ಕೂ ನೋಡಿ. ಅಂಗಡಿಯವನು ಏನೇ ಹೇಳಲಿ, ಆ ಒಂದು ನೋಟವನ್ನು ನಂಬಿ.

ಸವೆತಕ್ಕೆ ಈಗ ಮಾರುಕಟ್ಟೆಯೂ ಇದೆ. ಫೆಂಡರ್ ಕಂಪನಿ 1995ರಲ್ಲಿ, ಹೊಸ ಗಿಟಾರಿನ ಬಣ್ಣವನ್ನು ಕಾರ್ಖಾನೆಯಲ್ಲೇ ಕೆರೆದು, ಲೋಹದ ಭಾಗಗಳಿಗೆ ತುಕ್ಕಿನ ಛಾಯೆ ಕೊಟ್ಟು, ದಶಕಗಳ ಕಾಲ ನುಡಿಸಿದಂತೆ ಕಾಣುವ ಗಿಟಾರುಗಳನ್ನು ಹೊರತಂದಿತು. ಅವು ಮಾಮೂಲಿ ಹೊಸ ಗಿಟಾರುಗಳಿಗಿಂತ ದುಬಾರಿ. ಅವುಗಳಲ್ಲಿ ಹಲವು ನಿಜಕ್ಕೂ ಒಳ್ಳೆಯ ವಾದ್ಯಗಳು, ಅದರಲ್ಲಿ ಎರಡು ಮಾತಿಲ್ಲ. ಕುಶಲಿಗಳ ಕೈಕೆಲಸದ ಗಂಟೆಗಳು ಅಲ್ಲಿ ಹೇರಳವಾಗಿವೆ. ನನಗೆ ತಮಾಷೆಯೆನಿಸುವುದು ಇಷ್ಟೇ: ಆ ಗಂಟೆಗಳಲ್ಲಿ ಕೆಲವನ್ನು ಮಟ್ಟ ಮಾಡುವುದಕ್ಕೂ ಕೆಲವನ್ನು ಕೆಡಿಸುವುದಕ್ಕೂ ಬಳಸಿ, ಎರಡಕ್ಕೂ ಕೊಂಡವರಿಂದಲೇ ಹಣ ಪಡೆಯುತ್ತಾರೆ.

ಕೊನೆಯದಾಗಿ ಈ ಮೇಜಿನ ಮೇಲಿನ ಗಿಟಾರಿಗೆ ಮರಳುತ್ತೇನೆ. ಇದಕ್ಕೆ ನಾನು ಮಾಡಿದ್ದು ದೊಡ್ಡ ಕೆಲಸವೇನಲ್ಲ. ನಟ್ಟಿನ ಕಚ್ಚುಗಳನ್ನು ಸಣ್ಣ ಅರದಿಂದ ಆಳ ಮಾಡಿದೆ, ಕುದುರೆಯ ಮೇಲಿನ ಪ್ಲಾಸ್ಟಿಕ್ ಪಟ್ಟಿಯ ಬುಡವನ್ನು ಉಪ್ಪುಕಾಗದದ ಮೇಲೆ ಉಜ್ಜಿ ತಗ್ಗಿಸಿದೆ, ಎದ್ದಿದ್ದ ಎರಡು ಮೆಟ್ಟಿಲುಗಳನ್ನು ತಟ್ಟಿ ಕೂರಿಸಿದೆ. ಎರಡು ಭಾನುವಾರ ಹಿಡಿಯಿತು. ಮೆಟ್ಟಿಲುಗಳನ್ನು ಮಟ್ಟ ಮಾಡಲು ಕೂತಾಗ ಮಾತ್ರ ಒಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲ ಮೂರು ಮೆಟ್ಟಿಲುಗಳಲ್ಲಿ ತಂತಿಗಳು ಆಳವಾದ ಗುಳಿಗಳನ್ನು ಕೊರೆದಿದ್ದವು. ಅದೂ ಎಲ್ಲ ತಂತಿಗಳ ಕೆಳಗೂ ಸಮನಾಗಿಯಲ್ಲ, ಜಿ, ಸಿ, ಡಿ ಎಂಬ ಮೂರು ಸುಲಭದ ಕಾರ್ಡುಗಳಲ್ಲಿ, ಎಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಹಿಡಿತಗಳಲ್ಲಿ, ಬೆರಳು ಬೀಳುವ ಜಾಗಗಳಲ್ಲಿಯೇ ಹೆಚ್ಚು. ಐದನೆಯದರಿಂದ ಆಚೆಗೆ ಮೆಟ್ಟಿಲುಗಳು ಹೊಸದರಂತೆ ಹೊಳೆಯುತ್ತಿದ್ದವು. ನನಗಿಂತ ಮೊದಲು ಇದರ ಒಡೆಯರಾಗಿದ್ದವರು ಯಾರೋ, ಬೆರಳು ಕೊಯ್ಯುವಷ್ಟು ಎತ್ತರದ ತಂತಿಗಳ ಮೇಲೆ, ಆ ಮೂರೇ ಕಾರ್ಡುಗಳನ್ನು ವರ್ಷಗಟ್ಟಲೆ ನುಡಿಸಿದ್ದರು. ಆ ಗುಳಿಗಳನ್ನು ನಾನು ಪೂರ್ತಿ ಉಜ್ಜಿ ತೆಗೆಯಲಿಲ್ಲ. ಝರ್‍ ಎನ್ನದಷ್ಟು ತೆಗೆದು, ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದೇನೆ. ಉಪನ್ಯಾಸ ಮುಗಿದ ಮೇಲೆ ಇಷ್ಟವಿದ್ದವರು ಹತ್ತಿರ ಬಂದು ಎರಡನೆಯ ಮೆಟ್ಟಿಲಿನ ಮೇಲೆ ಉಗುರು ಎಳೆದು ನೋಡಬಹುದು, ಈಗಲೂ ಸಿಕ್ಕುತ್ತದೆ.